ಹದಿನಾರರ ಮಗ್ಗಿ ಯಾಕೆ ಬೇಕಿತ್ತು?

ಮತ ಎಣಿಕೆಯ ದಿನ. ಬೆಳಗಿನ ಜಾವ ಐದಕ್ಕೇ ಸ್ಟುಡಿಯೋಗೆ ಬಂದು ಕೂತಿದ್ವಿ. ನನ್ನ ಎಡಗಡೆ ಒಬ್ಬ ಹಿರಿಯ ಪತ್ರಕರ್ತರು. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಆದ್ರೆ ತಲೆ ಮಾತ್ರ ಚುರುಕು. ಮಧ್ಯಾಹ್ನದ ಹೊತ್ತಿಗೆ ಒಂದು ಕ್ಷೇತ್ರದಲ್ಲಿ ಜಿದ್ದಾಜಿದ್ದಿ ಶುರುವಾಯ್ತು. ಏಳು ಸುತ್ತಿನ ಎಣಿಕೆ ಬಾಕಿ, ಮುಂದಿದ್ದವರ ಅಂತರ ಸುತ್ತಿಗೆ ಸುಮಾರು 450 ಮತದಂತೆ ಕರಗ್ತಾ ಇದೆ. ಇದೇ ಲೆಕ್ಕದಲ್ಲಿ ಹೋದ್ರೆ ಕೊನೆಗೆ ಎಷ್ಟು ಕರಗುತ್ತೆ? ನಾನು ಕ್ಯಾಮೆರಾಗೆ ಕಾಣದ ಹಾಗೆ ಮೇಜಿನ ಕೆಳಗೆ ಮೊಬೈಲ್ ತೆಗೆದೆ. ಕ್ಯಾಲ್ಕುಲೇಟರ್ ಆ್ಯಪ್ ತೆರೆಯೋಷ್ಟರಲ್ಲಿ ಪಕ್ಕದಿಂದ ಮೆಲ್ಲಗೆ ದನಿ ಬಂತು: "ಏಳು ನಾಕೂವರೆ ಮೂವತ್ತೊಂದೂವರೆ. ಮೂರು ಸಾವಿರದ ನೂರೈವತ್ತು ಕಣಪ್ಪ."

ಬ್ರೇಕ್‌ನಲ್ಲಿ ಕೇಳಿದೆ, "ಸರ್, ಅಷ್ಟು ಬೇಗ ಹೆಂಗೆ ಹೇಳಿದ್ರಿ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸ್ತು. "ಅರ್ಧದ ಮಗ್ಗಿ ಬರುತ್ತಲ್ಲ. ನಾನು ಆಣೆ ಕಾಲದೋನಪ್ಪ. ನಿಮ್ಗೆ ಹೇಳ್ಕೊಡಲಿಲ್ವಾ?"

ಇಲ್ಲ, ನಮಗೆ ಹೇಳಿಕೊಡಲಿಲ್ಲ. ನಾನು ಎಂಜಿನಿಯರಿಂಗ್ ಓದಿದವನು. ನಾಲ್ಕು ಸೆಮಿಸ್ಟರ್ ಗಣಿತ ಪಾಸ್ ಮಾಡಿದ್ದೇನೆ. ಲ್ಯಾಪ್ಲಾಸ್, ಫೂರಿಯೇ ಎಲ್ಲಾ ಬರೆದು ಬಂದಿದ್ದೇನೆ. ಆದ್ರೆ ಏಳು ನಾಕೂವರೆ ಎಷ್ಟು ಅಂದ್ರೆ ಮೊಬೈಲ್ ಹುಡುಕ್ತೀನಿ. ಆವತ್ತು ಮನೆಗೆ ಹೋಗುವಾಗ ತಲೆಯಲ್ಲಿ ಇದೇ ಕೊರೀತಾ ಇತ್ತು. ಅರ್ಧದ ಮಗ್ಗಿ ಅಂತ ಒಂದು ಇತ್ತಾ? ಇದ್ದದ್ದು ಎಲ್ಲಿಗೆ ಹೋಯ್ತು? ಯಾಕೆ ಹೋಯ್ತು?

ಇದಾದ ಕೆಲವು ವಾರಕ್ಕೆ ನಮ್ಮ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳ ಲೆಕ್ಕದ ಮಟ್ಟದ ಬಗ್ಗೆ ಚರ್ಚೆ ಮಾಡಿದ್ವಿ. ಅಸರ್ ಸಮೀಕ್ಷೆಯ 2024ರ ವರದಿ ಎದುರಿಗಿತ್ತು. ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿ ಓದುವ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇಕಡಾ 30.7. ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸೋ ಲೆಕ್ಕ, ಅಷ್ಟೇ. ಹತ್ತರಲ್ಲಿ ಏಳು ಮಕ್ಕಳಿಗೆ ಅದು ಬರ್ತಾ ಇಲ್ಲ. ಕೋವಿಡ್ ಮುಗಿದ ಮೇಲೆ 2022ರಲ್ಲಿ ಇದು 25.6ಕ್ಕೆ ಇಳಿದಿತ್ತು, ಈಗ ಸ್ವಲ್ಪ ಸುಧಾರಿಸಿದೆ ಅನ್ನೋದೇ ಸಮಾಧಾನ. ಚರ್ಚೆ ನಡೀತಿದ್ದಾಗಲೇ ವೀಕ್ಷಕರ ಸಂದೇಶಗಳ ಸುರಿಮಳೆ. ಬಹಳಷ್ಟು ಜನ ಹೇಳಿದ್ದು ಒಂದೇ ಮಾತು: "ಮೊದಲಿನ ಹಾಗೆ ಮೇಷ್ಟ್ರ ಕೈಗೆ ಕೋಲು ಕೊಡಿ, ಮಗ್ಗಿ ತಾನಾಗೇ ಬರುತ್ತೆ."

ಮೊದಲಿನ ಹಾಗೆ. ಹಾಗಿದ್ರೆ ಮೊದಲು ಹೇಗಿತ್ತು? ಬನ್ನಿ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ. ಇನ್ನೂರು ವರ್ಷ ಹಿಂದಕ್ಕೆ, ಬಳ್ಳಾರಿಗೆ.

ಆಗ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಇವತ್ತಿನ ಬಳ್ಳಾರಿಗಿಂತ ದೊಡ್ಡ ಜಿಲ್ಲೆ; ಅನಂತಪುರದ ಕಡೆಯ ಭಾಗವೂ ಅದರೊಳಗೇ ಇತ್ತು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಒಂದು ಆದೇಶ ಹೊರಡಿಸಿದ. ಪ್ರತಿ ಜಿಲ್ಲೆಯಲ್ಲೂ ಊರಿನವರು ತಾವೇ ನಡೆಸೋ ಶಾಲೆ ಎಷ್ಟಿವೆ, ಎಷ್ಟು ಮಕ್ಕಳು ಓದ್ತಾರೆ, ಯಾವ ಜಾತಿಯವರು, ಏನು ಕಲಿಸ್ತಾರೆ, ಎಲ್ಲ ಲೆಕ್ಕ ಕಳಿಸಿ ಅಂದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ವರದಿಯನ್ನು 1823ರ ಆಗಸ್ಟ್‌ನಲ್ಲಿ ಕಳಿಸಿದ. ತೆಲುಗು ವ್ಯಾಕರಣ ಬರೆದ ಮನುಷ್ಯ ಆತ, ಸ್ಥಳೀಯ ಭಾಷೆ ಬಲ್ಲವನು. ಹಾಗಾಗಿ ವರದಿಯಲ್ಲಿ ಬರೀ ಅಂಕಿ ಇಲ್ಲ, ಶಾಲೆಯೊಳಗೆ ಹೋಗಿ ನಿಂತು ನೋಡಿದ ಹಾಗಿದೆ. ಗಾಂಧಿವಾದಿ ಚಿಂತಕ ಧರ್ಮಪಾಲ್ ಇಂಥ ದಾಖಲೆಗಳನ್ನೆಲ್ಲ ಸೇರಿಸಿ 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಅನ್ನೋ ಪುಸ್ತಕ ತಂದ ಮೇಲೆ ಇದು ಎಲ್ಲರ ಗಮನಕ್ಕೆ ಬಂತು.

ಕ್ಯಾಂಪ್‌ಬೆಲ್ ಕಂಡದ್ದು ನಮ್ಮ ಹಿರಿಯರು ಕೂಲಿ ಮಠ ಅಂತ ಕರೀತಿದ್ದ ಶಾಲೆಗಳನ್ನೇ. ಸರ್ಕಾರದ ಸಂಬಳ ಇಲ್ಲ. ಮಕ್ಕಳ ತಂದೆತಾಯಿ ಕೊಡೋದೇ ಮೇಷ್ಟ್ರ ಕೂಲಿ, ಅದಕ್ಕೇ ಕೂಲಿ ಮಠ. ಗುಡಿಯ ಪಡಸಾಲೆಯಲ್ಲೋ, ಯಾರದೋ ಮನೆ ಜಗಲಿಯಲ್ಲೋ ನಡೆಯೋದು. ಮಗುವಿಗೆ ಐದು ವರ್ಷವಾದ್ರೆ ಶಾಲೆ. ಬೆಳಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೀತಿದ್ರಂತೆ, ಅದು ಗೌರವ. ಎರಡನೆಯವನ ಕೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ನೋಡಿ, ಹಾಜರಿಯಲ್ಲೇ ಒಂದು ಲೆಕ್ಕದ ಪಾಠ!

ಅಕ್ಷರ ತಿದ್ದೋದು ಮರಳಿನ ಮೇಲೆ, ಬೆರಳಿನಿಂದ. ಆಮೇಲೆ ಹಲಗೆ. ಅನ್ನದ ಗಂಜಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಮರದ ಹಲಗೆ ಅದು. ಇನ್ನೊಂದು ಕಡತ. ಬಟ್ಟೆಗೆ ಗಂಜಿ ಹಾಕಿ, ಮಡಿಕೆ ಮಡಿಕೆಯಾಗಿ ಪುಸ್ತಕದ ಹಾಗೆ ಮಡಚಿ, ಇದ್ದಿಲು-ಅಂಟು ಬಳಿದದ್ದು. ಬರೆಯೋಕೆ ಬಳಪ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಮತ್ತೆ ಹೊಸದು. ಇವತ್ತು ಸರ್ಕಾರಿ ಕಚೇರಿಯಲ್ಲಿ 'ಕಡತ ವಿಲೇವಾರಿ ಆಗಿಲ್ಲ' ಅಂತೀವಲ್ಲ, ಆ ಕಡತ ಒಂದು ಕಾಲದಲ್ಲಿ ಮಕ್ಕಳ ಸ್ಲೇಟು ಕೂಡ ಆಗಿತ್ತು.

ಈಗ ನಮ್ಮ ವಿಷಯಕ್ಕೆ ಬರೋಣ, ಮಗ್ಗಿ. ಕ್ಯಾಂಪ್‌ಬೆಲ್ ಹೇಳೋ ಪ್ರಕಾರ ಈ ಶಾಲೆಗಳಲ್ಲಿ ಅತಿ ಹೆಚ್ಚು ಶ್ರಮ ಹಾಕ್ತಿದ್ದದ್ದು ಭಿನ್ನರಾಶಿಗೆ. ಅದು ಇಂಗ್ಲಿಷರ ದಶಮಾಂಶದ ಹಾಗೆ ಹತ್ತರ ಲೆಕ್ಕದಲ್ಲಿ ಇಳಿಯಲ್ಲ, ನಾಲ್ಕರ ಲೆಕ್ಕದಲ್ಲಿ ಇಳಿಯುತ್ತೆ, ತುಂಬಾ ಆಳದವರೆಗೂ ಹೋಗುತ್ತೆ ಅಂತ ಬರೀತಾನೆ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಭಿನ್ನರಾಶಿ, ಅಳತೆ, ತೂಕ ಎಲ್ಲವನ್ನೂ ದನಿಯೆತ್ತಿ ಹೇಳಬೇಕು. ಹೇಳಿಕೊಡೋದು ಮೇಷ್ಟ್ರಲ್ಲ, ದೊಡ್ಡ ಹುಡುಗನೊಬ್ಬ. ಅವನು ಒಂದು ಸಾಲು ಹೇಳ್ತಾನೆ, ಉಳಿದವರು ಅದನ್ನೇ ಹೇಳ್ತಾರೆ. "ಎರಡೊಂದ್ಲ ಎರಡು, ಎರಡೆರಡ್ಲ ನಾಕು..." ನಿಮ್ಮ ಕಿವಿಯಲ್ಲೂ ರಾಗ ಶುರುವಾಯ್ತಲ್ವಾ?

ನಾಲ್ಕರ ಲೆಕ್ಕದಲ್ಲಿ ಇಳಿಯೋದು ಅಂದ್ರೇನು? ಕನ್ನಡದಲ್ಲಿ ಈ ಭಿನ್ನರಾಶಿಗಳಿಗೆ ಒಂದೊಂದು ಹೆಸರೇ ಇದೆ. ಒಂದನ್ನು ನಾಲ್ಕು ಮಾಡಿದ್ರೆ ಕಾಲು. ಕಾಲನ್ನು ನಾಲ್ಕು ಮಾಡಿದ್ರೆ ವೀಸ, ಅಂದ್ರೆ ಹದಿನಾರರಲ್ಲಿ ಒಂದು. ವೀಸವನ್ನು ನಾಲ್ಕು ಮಾಡಿದ್ರೆ ಕಾಣಿ, ಅಂದ್ರೆ ಅರವತ್ನಾಲ್ಕರಲ್ಲಿ ಒಂದು. ನಾವು ಮಾತಾಡುವಾಗ 'ಮುಕ್ಕಾಲು ಮೂರು ವೀಸ' ಅಂತೀವಿ, ಹೆಚ್ಚುಕಮ್ಮಿ ಪೂರ್ತಿ ಅನ್ನೋ ಅರ್ಥದಲ್ಲಿ. ಲೆಕ್ಕ ಹಾಕಿ ನೋಡಿ. ಮುಕ್ಕಾಲು ಅಂದ್ರೆ ಹನ್ನೆರಡು ವೀಸ. ಅದಕ್ಕೆ ಮೂರು ವೀಸ ಸೇರಿದ್ರೆ ಹದಿನೈದು ವೀಸ. ಪೂರ್ತಿಗೆ ಒಂದೇ ಒಂದು ವೀಸ ಕಮ್ಮಿ! ಇಷ್ಟು ವರ್ಷ ನಾನು ಈ ಮಾತು ಆಡಿದ್ದೇನೆ, ಅದರೊಳಗೆ ಒಂದು ಲೆಕ್ಕ ಕೂತಿದೆ ಅಂತ ಗೊತ್ತೇ ಇರಲಿಲ್ಲ.

ಈಗ ಜೇಬಿನಲ್ಲಿದ್ದ ದುಡ್ಡು ನೋಡಿ. ರೂಪಾಯಿಗೆ ಹದಿನಾರಾಣೆ. ಆಣೆಗೆ ನಾಲ್ಕು ಪೈಸೆ. ಅಂದ್ರೆ ರೂಪಾಯಿಗೆ ಅರವತ್ನಾಲ್ಕು ಪೈಸೆ. ಕಾಲು ರೂಪಾಯಿ ನಾಲ್ಕಾಣೆ, ರೂಪಾಯಿಯ ವೀಸ ಒಂದಾಣೆ, ರೂಪಾಯಿಯ ಕಾಣಿ ಒಂದು ಪೈಸೆ. ತೂಕಕ್ಕೆ ಬಂದ್ರೆ ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಮಠದಲ್ಲಿ ಹುಡುಗ ಕೂಗಿ ಕಲಿತ ಕಾಲು-ವೀಸ-ಕಾಣಿ, ಸಂತೆಗೆ ಹೋದ್ರೆ ಅಲ್ಲಿ ಆಣೆ-ಪೈಸೆಯಾಗಿ, ಪಾವು-ಚಟಾಕಾಗಿ ಕಣ್ಣೆದುರೇ ಇರ್ತಿತ್ತು. ಹದಿನಾರರ ಮಗ್ಗಿ ಯಾಕೆ ಬೇಕಿತ್ತು ಅನ್ನೋದಕ್ಕೆ ಉತ್ತರ ಇಷ್ಟೇ. ಸೇರಿಗೆ ಮೂರಾಣೆ ಬೆಲೆಯ ಬೇಳೆಯನ್ನು ಮೂರೂಮುಕ್ಕಾಲು ಸೇರು ತಗೊಂಡ್ರೆ ಎಷ್ಟು? ಮೂರು ಮೂರಲ ಒಂಬತ್ತು. ಮೂರರ ಮುಕ್ಕಾಲು ಎರಡೂಕಾಲು. ಹನ್ನೊಂದೂಕಾಲು ಆಣೆ. ಅಂಗಡಿಯವನು ಬೇಳೆ ಕಟ್ಟೋಷ್ಟರಲ್ಲಿ ಗಿರಾಕಿಗೂ ಉತ್ತರ ಗೊತ್ತು, ಮೋಸ ಮಾಡೋಕಾಗಲ್ಲ.

ನಾನು ಎಂಜಿನಿಯರ್ ಬುದ್ಧಿ ಉಪಯೋಗಿಸಿ ಯೋಚನೆ ಮಾಡಿದೆ, ಯಾಕೆ ನಾಲ್ಕು, ಯಾಕೆ ಹತ್ತಲ್ಲ? ಹಗ್ಗ ತಗೊಳ್ಳಿ. ಅದನ್ನು ಹತ್ತು ಸಮಭಾಗ ಮಾಡೋದು ಕಷ್ಟ. ಒಂದ್ಸಲ ಮಡಚಿ, ಇನ್ನೊಂದ್ಸಲ ಮಡಚಿ, ಸರಿಯಾಗಿ ನಾಲ್ಕು ಭಾಗ. ತಕ್ಕಡಿಯೂ ಹಾಗೇ. ಎರಡು ತಟ್ಟೆಯಲ್ಲಿ ಸಮ ಮಾಡಿದ್ರೆ ಅರ್ಧ, ಅರ್ಧವನ್ನು ಮತ್ತೆ ಸಮ ಮಾಡಿದ್ರೆ ಕಾಲು. ತೂಕದ ಕಲ್ಲು ಕೂಡ ಬೇಕಿಲ್ಲ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ನಡೆಯುತ್ತೆ ಅಂತ ಕಾಲೇಜಲ್ಲಿ ಹೆಮ್ಮೆಯಿಂದ ಕಲಿತಿದ್ದೆ. ನಮ್ಮೂರ ಸಂತೆ ಅದಕ್ಕೂ ಮೊದಲೇ ಎರಡರ, ನಾಲ್ಕರ ಲೆಕ್ಕದಲ್ಲೇ ನಡೀತಿತ್ತು.

ಲೆಕ್ಕ ಅಂದ್ರೆ ವ್ಯವಹಾರ ಅನ್ನೋದು ಕನ್ನಡದಲ್ಲಿ ಹೊಸ ಮಾತೂ ಅಲ್ಲ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗ. ಅವನ ಕೃತಿಯ ಹೆಸರೇ 'ವ್ಯವಹಾರ ಗಣಿತ'. ಮುಂಬೈ ಪ್ರೆಸಿಡೆನ್ಸಿಗೆ ಸೇರಿದ್ದ ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಈ ಭಿನ್ನರಾಶಿ ಮಗ್ಗಿಗಳಿಗೆ ಮರಾಠಿಯಿಂದ ಬಂದ ಹೆಸರುಗಳಿದ್ದವು. ಪಾವಕಿ ಅಂದ್ರೆ ಕಾಲಿನ ಮಗ್ಗಿ, ನಿಮಕಿ ಅಂದ್ರೆ ಅರ್ಧದ್ದು, ಸವಾಯಕಿ ಒಂದೂಕಾಲಿನದು, ದೀಡಕಿ ಒಂದೂವರೆಯದು. ಅಂಕಲಿಪಿ ಹಿಡಿದು ಓದಿದ ಆ ಭಾಗದ ಹಿರಿಯರಿದ್ರೆ ಇವತ್ತೇ ಕೇಳಿ ನೋಡಿ, ಕಣ್ಣು ಮುಚ್ಕೊಂಡು ಹೇಳ್ತಾರೆ.

ಇನ್ನೊಂದು ಸ್ವಾರಸ್ಯದ ವಿಷಯ. ದೊಡ್ಡ ಹುಡುಗ ಸಣ್ಣವರಿಗೆ ಕಲಿಸೋ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳ್ತಾನೆ. ಕಡಿಮೆ ಖರ್ಚು, ಕಲಿಸೋ ಹುಡುಗನ ಪಾಠವೂ ಗಟ್ಟಿಯಾಗುತ್ತೆ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯಾಗೇ ಇದೆ ಅಂತಾನೆ. ಅನುಕರಿಸಿದ್ದು ನಿಜ. ಮದ್ರಾಸಿನ ಎಗ್ಮೋರ್‌ನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ತಿದ್ದ ಆಂಡ್ರೂ ಬೆಲ್ ಅನ್ನೋ ಪಾದ್ರಿ ಇಲ್ಲಿನ ಮಕ್ಕಳು ಮರಳಲ್ಲಿ ಬರೆಯೋದನ್ನು ಕಂಡು, ತನ್ನ ಶಾಲೆಯಲ್ಲೂ ಅದನ್ನೇ ತಂದ. ಹುಡುಗರಿಂದಲೇ ಹುಡುಗರಿಗೆ ಪಾಠ ಮಾಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಅಂತಲೇ ಹೆಸರಾಯ್ತು.

ಇಷ್ಟು ಓದಿದ ಮೇಲೆ ಎದೆ ಉಬ್ಬುತ್ತೆ. ನನಗೂ ಉಬ್ಬಿತು. ಆದ್ರೆ ವರದಿ ಅಲ್ಲಿಗೆ ಮುಗಿಯಲ್ಲ. ಪೂರ್ತಿ ಓದಬೇಕು.

ಅದೇ ಕ್ಯಾಂಪ್‌ಬೆಲ್ ಹೇಳ್ತಾನೆ, ಈ ಮಕ್ಕಳು ಪದ್ಯಗಳನ್ನು ರಾಶಿ ರಾಶಿ ಬಾಯಿಪಾಠ ಒಪ್ಪಿಸ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿದ್ದಷ್ಟೇ ಗೊತ್ತು ಅಂತ. ಗಿಳಿಪಾಠದ ದೂರು ನಿನ್ನೆ ಮೊನ್ನೆಯದಲ್ಲ, ಇನ್ನೂರು ವರ್ಷ ಹಳೇದು! ಶಿಕ್ಷೆಯ ವಿಷಯ ಇನ್ನೂ ಭಯಂಕರ. ಸೋಮಾರಿ ಹುಡುಗನಿಗೆ ಏಟು, ಇಲ್ಲಾ ಎರಡೂ ಕೈ ಕಟ್ಟಿ ಮಾಡಿಗೆ ನೇತು ಹಾಕೋದು. ಇದನ್ನೇ ನಮ್ಮ ಹಿರಿಯರು ಕೋದಂಡ ಅಂತಿದ್ದದ್ದು. ಇಲ್ಲಾ ಸುಸ್ತಾಗೋವರೆಗೂ ಬಸ್ಕಿ. 'ಮೊದಲಿನ ಹಾಗೆ' ಅಂತ ಸಂದೇಶ ಕಳಿಸಿದವರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ಮೊಮ್ಮಗನನ್ನು ಕೋದಂಡಕ್ಕೆ ಹಾಕಿಸ್ತೀರಾ ಸ್ವಾಮಿ?

ಇನ್ನು ಅಂಕಿಗೆ ಬರೋಣ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪರ್ಷಿಯನ್, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಓದ್ತಿದ್ದ ಮಕ್ಕಳು 6,641. ಅಂದ್ರೆ ಒಂದು ಶಾಲೆಗೆ ಹನ್ನೆರಡು ಮಕ್ಕಳು. ಸಾವಿರ ಜನಕ್ಕೆ ಏಳು ಮಕ್ಕಳು.

ಮೇಲ್ಜಾತಿಯವರು ಮಾತ್ರ ಓದ್ತಿದ್ರು ಅನ್ನೋ ನಂಬಿಕೆಯನ್ನು ಈ ದಾಖಲೆ ಸ್ವಲ್ಪ ಅಲುಗಾಡಿಸುತ್ತೆ. ಬ್ರಾಹ್ಮಣ ಹುಡುಗರು 1,185, ವೈಶ್ಯರು 981 ಇದ್ರೆ, ಶೂದ್ರರು ಅಂತ ಪಟ್ಟಿ ಮಾಡಿದ ಹುಡುಗರೇ 2,998. ಇತರ ಜಾತಿಯವರು 1,174, ಮುಸ್ಲಿಮರು 243. ಆದ್ರೆ ಇನ್ನೊಂದು ಕಾಲಂ ಇದೆ, ಹೆಣ್ಣುಮಕ್ಕಳು. ಇಡೀ ಜಿಲ್ಲೆಗೆ ಅರವತ್ತು.

ಈ ಅರವತ್ತರ ಹತ್ತಿರ ಬಂದಾಗ ನನಗೆ ನಮ್ಮಜ್ಜಿ ನೆನಪಾದ್ರು.

ನಮ್ಮ ತಾತ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ರು. ಮುಕ್ಕಾಲಿನ ಮಗ್ಗಿ ಅವರಿಗೆ ನಾಲಿಗೆ ತುದಿಯಲ್ಲಿತ್ತು ಅಂತ ಅಪ್ಪ ಇವತ್ತಿಗೂ ಹೇಳ್ತಾರೆ. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ, ರುಜು ಹಾಕೋ ಕಡೆಯೆಲ್ಲ ಹೆಬ್ಬೆಟ್ಟು. ಆದ್ರೆ ಎರಡು ಎಮ್ಮೆ ಕಟ್ಟಿ ಬೀದಿಗೆಲ್ಲ ಹಾಲು ಹಾಕ್ತಿದ್ದದ್ದು ಅವರೇ. ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಅವರ ಲೆಕ್ಕದ ಪುಸ್ತಕ. ಒಂದೊಂದು ಮನೆಗೆ ಒಂದೊಂದು ಸಾಲು. ಪಾವಿಗೆ ಇದ್ದಿಲಿನ ಒಂದು ಉದ್ದ ಗೀಟು, ಅರೆಪಾವಿಗೆ ಗಿಡ್ಡ ಗೀಟು. ತಿಂಗಳ ಕೊನೆಗೆ ಗೋಡೆ ಮುಂದೆ ನಿಂತು, ಬೆರಳು ಮಡಚಿ, ಇಂಥವರು ಇಷ್ಟು ಕೊಡಬೇಕು ಅಂತ ಹೇಳಿಬಿಡೋರು. ತಾತ ಪುಸ್ತಕದಲ್ಲಿ ಬರೆದು ನೋಡಿದ್ರೆ ಅದೇ ಮೊತ್ತ. ಅಜ್ಜಿಗೆ ಮಗ್ಗಿ ಹೇಳಿಕೊಟ್ಟವರು ಯಾರೂ ಇಲ್ಲ. "ಹೆಣ್ಣುಮಗೀಗೆ ಲೆಕ್ಕ ಯಾಕೆ ಅಂದ್ರು ನಮ್ಮಪ್ಪ, ಅಷ್ಟೇ ಕಣೋ ಮಗ" ಅಂತಿದ್ರು. ಹೇಳುವಾಗ ಬೇಜಾರೂ ಇರ್ತಿರಲಿಲ್ಲ ದನಿಯಲ್ಲಿ. ಅದೇ ನನಗೆ ಇವತ್ತು ಜಾಸ್ತಿ ಬೇಜಾರು ಮಾಡೋದು.

ಹಳೇ ಕಾಲದ ಶಾಲೆ ಎಷ್ಟು ಚೆನ್ನಾಗಿತ್ತು ಅಂತ ಹೇಳುವಾಗ ನಾವು ಒಳಗೆ ಕೂತಿದ್ದ ಹನ್ನೆರಡು ಹುಡುಗರನ್ನು ನೋಡ್ತೀವಿ. ಹೊರಗೆ ಎಮ್ಮೆ ಕಾಯ್ತಾ, ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ಹುಡುಗಿಯನ್ನು ನೋಡಲ್ಲ.

ಮತ್ತೆ ಆ ಮಠಗಳು ಏನಾದವು? ಬಡತನ ಹೆಚ್ಚಾಗಿ ತಂದೆತಾಯಿಗೆ ಈ ಸಣ್ಣ ಶುಲ್ಕ ಕೊಡೋ ಶಕ್ತಿಯೂ ಹೋಗ್ತಿದೆ ಅಂತ ಕ್ಯಾಂಪ್‌ಬೆಲ್ 1823ರಲ್ಲೇ ಬರೆದಿದ್ದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಯ್ಗೆಯವರ ದುಡಿಮೆ ಬಿದ್ದುಹೋಗಿದ್ದನ್ನೂ ಕಾರಣವಾಗಿ ಹೇಳಿದ್ದ. ಇಂಗ್ಲಿಷ್ ಸರ್ಕಾರದ ಅಧಿಕಾರಿಯೇ ಒಪ್ಪಿಕೊಂಡ ಮಾತಿದು. ಇತ್ತ ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಶಾಸನಗಳ ರೈಸ್ ಅಂತ ನಮಗೆಲ್ಲ ಗೊತ್ತಿರೋ ಅವರೇ. ಅತ್ತ ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಓಡಾಡಿದರು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಕೂಲಿ ಮಠ ಹೋಗಿ ಸರ್ಕಾರಿ ಶಾಲೆ ಬಂತು, ಮರಳು ಹೋಗಿ ಸ್ಲೇಟು ಬಂತು. ಆದ್ರೆ ಮಗ್ಗಿ ಹೋಗಲಿಲ್ಲ. ಯಾಕಂದ್ರೆ ಆಣೆ ಇನ್ನೂ ಇತ್ತು.

ಆಣೆ ಹೋಗಿದ್ದು 1957ರ ಏಪ್ರಿಲ್ 1ಕ್ಕೆ. ಅವತ್ತಿನಿಂದ ರೂಪಾಯಿಗೆ ನೂರು ನಯಾಪೈಸೆ. ಮರು ವರ್ಷದಿಂದ ಹಂತ ಹಂತವಾಗಿ ಸೇರು ಹೋಗಿ ಕಿಲೋ ಬಂತು. ಒಂದಾಣೆಗೆ ಆರೂಕಾಲು ನಯಾಪೈಸೆ ಆಗುತ್ತೆ, ಕಾಲು ನಯಾಪೈಸೆ ಎಲ್ಲಿಂದ ತರೋದು? ಅದಕ್ಕೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ ಮಾಡಿದರು. ಹಳೆಯ ನಾಣ್ಯ, ಹೊಸ ನಾಣ್ಯ ಕೆಲವು ವರ್ಷ ಒಟ್ಟಿಗೇ ಓಡಿದವು. ಈ ಬದಲಾವಣೆ ಒಳ್ಳೆಯದೇ. ಒಂದೊಂದು ಊರಿಗೆ ಒಂದೊಂದು ಸೇರು ಇದ್ದ ದೇಶಕ್ಕೆ ಒಂದೇ ಅಳತೆ ಬೇಕಿತ್ತು. ಆದ್ರೆ ಆ ದಿನದಿಂದ ವೀಸ, ಕಾಣಿ, ಮುಕ್ಕಾಲಿನ ಮಗ್ಗಿ, ಹದಿನಾರರ ಮಗ್ಗಿ ಎಲ್ಲ ಕೆಲಸ ಕಳ್ಕೊಂಡವು. ನಮ್ಮ ಸ್ಟುಡಿಯೋದ ಹಿರಿಯರು ಕಲಿತದ್ದು ಅದಕ್ಕೆ ಸ್ವಲ್ಪ ಮೊದಲು. ಆಣೆಯ ಮಗ್ಗಿಯನ್ನು ಶಾಲೆಯಲ್ಲಿ ಕಲಿತ ಕೊನೆಯ ತಲೆಮಾರು ಅವರದು.

ಮಗ್ಗಿ ಸಾಯೋಕೆ ಮೇಷ್ಟ್ರ ಕೋಲು ಹೋಗಿದ್ದು ಕಾರಣ ಅಲ್ಲ. ಅದಕ್ಕೆ ಶಾಲೆಯ ಹೊರಗೆ ಇದ್ದ ಕೆಲಸ ಹೋಯ್ತು. ಹೊಸ ನಾಣ್ಯಕ್ಕೂ ಹೊಸ ಕಿಲೋಗೂ ಒಂದರಿಂದ ಹತ್ತರ ಮಗ್ಗಿ ಬೇಕೇ ಬೇಕು. ಆದ್ರೆ ಅದನ್ನು ಅಂಗಡಿಯ ಜೊತೆ ಜೋಡಿಸೋ ಕೆಲಸವನ್ನು ನಾವು ಮಾಡಲಿಲ್ಲ. ನಮ್ಮ ಕಾಲಕ್ಕೆ ಮಗ್ಗಿ ಅಂದ್ರೆ ಪ್ರಾರ್ಥನೆ ಆದ ಮೇಲೆ ಕೂಗೋ ಇನ್ನೊಂದು ಪ್ರಾರ್ಥನೆ, ಅಷ್ಟೇ. ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಇನ್ನೊಂದು ಗಾಳಿ ಬಂತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬರೀ ಕಂಠಪಾಠದಿಂದ ದೂರ ಬನ್ನಿ ಅಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳ ಮೇಲೆ ಕೈ ಮಾಡೋದನ್ನು ನಿಷೇಧಿಸಿತು. ಎರಡೂ ಸರಿಯೇ. ನಮ್ಮ ರಾಜ್ಯದ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಕಾರ್ಡು, ಹಾಡು, ಆಟದ ಮೂಲಕ ಕಲಿಸೋಕೆ ಹೊರಟರು. ಮಕ್ಕಳು ತಮ್ಮ ತಮ್ಮ ವೇಗದಲ್ಲಿ, ಗುಂಪಿನಲ್ಲಿ, ಒಬ್ಬರಿಗೊಬ್ಬರು ಸಹಾಯ ಮಾಡ್ತಾ ಕಲೀತಾರೆ. ಕೂಲಿ ಮಠದ ದೊಡ್ಡ ಹುಡುಗನ ನೆನಪಾಯ್ತಲ್ವಾ? ಇತ್ತೀಚೆಗೆ ಗಣಿತ ಕಲಿಕಾ ಆಂದೋಲನದಲ್ಲಿ ಸರ್ಕಾರಿ ಶಾಲೆಯ ನಾಲ್ಕು-ಐದನೇ ತರಗತಿಗೆ ಮಣಿಚೌಕಟ್ಟು, ಭಿನ್ನರಾಶಿ ಪಟ್ಟಿ, ಆಟದ ನಾಣ್ಯಗಳಿರೋ ಪೆಟ್ಟಿಗೆಯೇ ಬಂದಿದೆ. ಮುಕ್ಕಾಲು ಅಂದ್ರೇನು ಅನ್ನೋದನ್ನು ಮಗು ಕೈಯಲ್ಲಿ ಹಿಡಿದು ನೋಡುತ್ತೆ.

ಆದ್ರೆ ಒಂದು ತಪ್ಪು ತಿಳಿವಳಿಕೆಯೂ ಹಬ್ಬಿತು. ಅರ್ಥ ಆದ್ರೆ ಸಾಕು, ಮಗ್ಗಿ ಬಾಯಿಗೆ ಬರಬೇಕಿಲ್ಲ ಅಂತ. ಇದು ಸರಿಯಲ್ಲ. 378ನ್ನು 7ರಿಂದ ಭಾಗಿಸಿ ಅಂದ್ರೆ ಏಳೈದ್ಲ ಮೂವತ್ತೈದು ತಕ್ಷಣ ಬರಬೇಕು. ಉಳಿದ ಇಪ್ಪತ್ತೆಂಟಕ್ಕೆ ಏಳ್ನಾಕ್ಲ ಬರಬೇಕು. 54, ಮುಗೀತು. ಮಗ್ಗಿ ಬರದ ಮಗು ಏಳು, ಹದಿನಾಲ್ಕು, ಇಪ್ಪತ್ತೊಂದು ಅಂತ ಗೀಟು ಹಾಕ್ತಾ ಹೋಗುತ್ತೆ. ಗೀಟು ಎಣಿಸೋಷ್ಟರಲ್ಲಿ ಲೆಕ್ಕ ಏನಿತ್ತು ಅನ್ನೋದೇ ಮರೆತುಹೋಗಿರುತ್ತೆ. ಆ ಮಗು ದಡ್ಡ ಅಲ್ಲ. ಅದರ ಕೈಗೆ ಉಪಕರಣ ಕೊಟ್ಟಿಲ್ಲ ನಾವು.

ಹಾಗಂತ ಇದೇನು ಬೆಟ್ಟದಂಥ ಕೆಲಸವೂ ಅಲ್ಲ. ಒಂದರಿಂದ ಹತ್ತರವರೆಗಿನ ಮಗ್ಗಿಯಲ್ಲಿ ಇರೋದು ನೂರು ಉತ್ತರ. ಏಳೆಂಟ್ಲ ಗೊತ್ತಿದ್ರೆ ಎಂಟೇಳ್ಲ ಬೇರೆ ಕಲೀಬೇಕಿಲ್ಲ, ಅಲ್ಲಿಗೆ 55 ಆಯ್ತು. ಒಂದು, ಎರಡು, ಐದು, ಹತ್ತರ ಮಗ್ಗಿ ಯಾವ ಮಗುವಿಗೂ ಸುಲಭ. ಅವನ್ನು ಬಿಟ್ರೆ ನಿಜವಾಗಿ ಕಷ್ಟಪಟ್ಟು ಕಲಿಯಬೇಕಾದದ್ದು ಬರೀ 21 ಉತ್ತರ. ವಾರಕ್ಕೆ ಎರಡು ಅಂದ್ರೂ ಮೂರು ತಿಂಗಳೊಳಗೆ ಮುಗಿಯೋ ಕೆಲಸ.

ಕೊನೆಯದಾಗಿ ಒಂದು ಅಧ್ಯಯನದ ವಿಷಯ ಹೇಳ್ತೀನಿ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಜೊತೆಗಾರರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರೋ 1,436 ಮಕ್ಕಳನ್ನು ಪರೀಕ್ಷೆ ಮಾಡಿದ್ರು. 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಬಂತು. ಇಷ್ಟು ಗ್ರಾಂ ಇದು, ಇಷ್ಟು ಗ್ರಾಂ ಅದು ಅಂತ ಬೇಕಂತಲೇ ತಿರುಚಿ ಕೇಳಿದ್ರೂ ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಸರಿಯಾದ ಚಿಲ್ಲರೆ ಕೊಟ್ಟರು. ಅದೇ ಮಕ್ಕಳಿಗೆ ಶಾಲೆಯ ಮಾದರಿಯಲ್ಲಿ ಹಾಳೆ ಮೇಲೆ ಭಾಗಾಕಾರ ಕೊಟ್ಟರೆ ಬಹಳಷ್ಟು ಜನಕ್ಕೆ ಬರಲಿಲ್ಲ. ಇತ್ತ ಶಾಲೆಗೆ ಮಾತ್ರ ಹೋಗೋ ಮಕ್ಕಳು ಹಾಳೆ ಮೇಲಿನ ಲೆಕ್ಕದಲ್ಲಿ ಮುಂದೆ, ಅಂಗಡಿ ಲೆಕ್ಕ ಕೇಳಿದ್ರೆ ತಬ್ಬಿಬ್ಬು. ಇನ್ನೂರು ವರ್ಷದ ಹಿಂದೆ ಬಳ್ಳಾರಿಯ ಹಲಗೆ ಮೇಲೆ ಒಂದಾಗಿದ್ದ ಶಾಲೆ ಮತ್ತು ಸಂತೆ ಈಗ ಬೇರೆ ಬೇರೆ ದೇಶ ಆಗಿಬಿಟ್ಟಿವೆ.

ಇದನ್ನು ಓದಿದಾಗಲೂ ನನಗೆ ನಮ್ಮಜ್ಜಿಯ ಗೋಡೆಯೇ ನೆನಪಾಯ್ತು. ಅಜ್ಜಿಗೆ ಲೆಕ್ಕ ಬರ್ತಿತ್ತು. ಅದನ್ನು ಬರೆಯೋದು ಹೇಗೆ ಅಂತ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ತರಕಾರಿ ಮಾರೋ ಆ ಮಕ್ಕಳದ್ದೂ ಅದೇ ಕಥೆ.

ಹಾಗಾಗಿ ಕೋಲು ಕೊಡಿ ಅಂದ ವೀಕ್ಷಕರಿಗೆ ನನ್ನ ಉತ್ತರ ಇದು. ಹಳೇ ಮಠದಿಂದ ತಗೊಳ್ಳೋದಾದ್ರೆ ಮೂರು ವಿಷಯ ತಗೊಳ್ಳೋಣ. ದಿನಕ್ಕೆ ಎರಡು ಸಲ ಬಾಯಿ ಬಿಟ್ಟು ಹೇಳೋದು, ದೊಡ್ಡ ಮಗು ಸಣ್ಣ ಮಗುವಿಗೆ ಕಲಿಸೋದು, ಕಲಿತದ್ದನ್ನು ಅಂಗಡಿಯಲ್ಲಿ ಬಳಸೋದು. ಕೋದಂಡ ಅಲ್ಲೇ ಇರಲಿ. ಹೊಸ ಶಾಲೆಯ ಒಂದು ದೊಡ್ಡ ಸಾಧನೆಯನ್ನು ಮಾತ್ರ ಬಿಟ್ಟುಕೊಡೋದು ಬೇಡ. ಇವತ್ತು ಬಾಗಿಲ ಹೊರಗೆ ಯಾವ ಹುಡುಗಿಯನ್ನೂ ನಿಲ್ಲಿಸೋ ಹಾಗಿಲ್ಲ.

ಅಕ್ಕನ ಮಗಳು ಈಗ ನಾಲ್ಕನೇ ಕ್ಲಾಸು. ಭಾನುವಾರ ನಾನು ಮನೆಯಲ್ಲಿದ್ರೆ ಅವಳ ಕೈಗೆ ನೂರು ರೂಪಾಯಿ ನೋಟು ಕೊಟ್ಟು ಮೂಲೆ ಅಂಗಡಿಗೆ ಕಳಿಸ್ತೀನಿ. ಫೋನ್‌ಪೇ ಇಲ್ಲ, ನೋಟೇ. ಎಷ್ಟು ಚಿಲ್ಲರೆ ವಾಪಸ್ ಬರಬೇಕು ಅಂತ ಹೋಗೋ ಮುಂಚೆ ಹೇಳಬೇಕು. ಮೊದಲ ವಾರ ತಪ್ಪಿದಳು, ಅತ್ತಳು. ಹೋದ ವಾರ ಅಂಗಡಿಯವರು ಎರಡು ರೂಪಾಯಿ ಕಮ್ಮಿ ಕೊಟ್ಟಿದ್ದನ್ನು ಅವಳೇ ಹಿಡಿದಳಂತೆ. ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ, "ಮಾಮ, ಅಂಕಲ್‌ಗೆ ಮಗ್ಗಿ ಬರಲ್ಲ" ಅಂದಳು.